ದಿನಚರಿಯಿಂದ ನಡಾವಳಿಯವರೆಗೆ

ಓದುಗರ ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯೆ, ಇದು ಮೊದಲ ಅವಧಿ. ಬೆಳಗಿನ ಜಾವ ಸ್ವಲ್ಪ ಹೊತ್ತು ಸುಮ್ಮನೆ ಕೂರುವುದು, ರಾತ್ರಿ ದಿನಚರಿ ಬರೆಯುವುದು ಮದುವೆಗೆ ಮುಂಚಿನಿಂದಲೂ ಬಂದ ಅಭ್ಯಾಸ. ಕಳೆದ ವಾರ್ಡ್ ಸಭೆಯಲ್ಲಿ ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ ತಯಾರಾಯಿತು. ನನ್ನ ಮೈದುನನ ಹೆಸರು ಸೇರಿತು. ಸೋರುವ ಮನೆಯಲ್ಲಿ ಇಬ್ಬರು ಮಕ್ಕಳೊಂದಿಗೆ ಇರುವ, ಗಂಡನನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳ ಹೆಸರು ಬಿಟ್ಟುಹೋಯಿತು. ನಾನು ಮಾತನಾಡಲಿಲ್ಲ. ಅಂದಿನಿಂದ ದಿನಚರಿಯ ತುಂಬ ಅದೇ ವಿಷಯ. ಮನೆಯಲ್ಲಿ, 'ಧ್ಯಾನವನ್ನು ದೇವರ ಕೋಣೆಯಲ್ಲಿ ಬಿಟ್ಟು ಹೋಗು, ಪಂಚಾಯಿತಿಗೆ ಬೇಕಾಗಿರುವುದು ಗಟ್ಟಿ ಗಂಟಲು' ಎನ್ನುತ್ತಾರೆ. ಒಬ್ಬಳೇ ಕೂತು ಯೋಚಿಸುವುದಕ್ಕೂ ಊರಿನ ಪ್ರಜಾಪ್ರಭುತ್ವಕ್ಕೂ ನಿಜವಾಗಿ ಸಂಬಂಧ ಇದೆಯೇ? ಗ್ರಾಮಸಭೆ ಇನ್ನೂ ನಡೆಯಬೇಕಿದೆ.

ಉತ್ತರ:

ನಮಸ್ಕಾರ. ಸಂಬಂಧ ಇದೆ, ಅದೂ ಹತ್ತಿರದ ಸಂಬಂಧ. ಆದರೆ ಸಾಮಾನ್ಯವಾಗಿ ಕೊಡುವ ಕಾರಣವನ್ನು ನಾನು ಕೊಡಲಾರೆ. ಧ್ಯಾನದಿಂದ ಮನಸ್ಸು ಶಾಂತವಾಗುತ್ತದೆ, ಶಾಂತ ಮನಸ್ಸಿನವರು ಹೆಚ್ಚಾದರೆ ಸಮಾಜ ತಾನಾಗಿ ಸರಿಹೋಗುತ್ತದೆ ಎಂಬ ಮಾತು ವೇದಿಕೆಗಳಲ್ಲಿ ಬಹಳ ಕೇಳಿಬರುತ್ತದೆ. ಶಾಂತವಾದ ಮನಸ್ಸಿನಿಂದ ಅನ್ಯಾಯದ ಪಟ್ಟಿಗೂ ಸಹಿ ಹಾಕಬಹುದು. ನಿಮ್ಮ ಪತ್ರದಲ್ಲಿ ನನಗೆ ಬೆಲೆಯುಳ್ಳದ್ದಾಗಿ ಕಂಡದ್ದು ನಿಮ್ಮ ನೆಮ್ಮದಿ ಕೆಟ್ಟಿರುವ ಸಂಗತಿ. ಸಭೆಯಲ್ಲಿ ಯಾರಿಗೂ ಕಾಣದ ಒಂದು ತಪ್ಪು ನಿಮ್ಮ ದಿನಚರಿಯ ಹಾಳೆಯಲ್ಲಿ ಕಾಣಿಸಿತು. ಸರ್ಕಾರದ ಯಾವ ಲೆಕ್ಕ ತಪಾಸಣೆಗೂ ಅದು ಸಿಗುತ್ತಿರಲಿಲ್ಲ.

ಹೀಗೆ ಒಬ್ಬರು ತಮ್ಮೊಳಗೆ ಕಂಡುಕೊಂಡ ತಪ್ಪು ಒಂದು ಇಡೀ ಸಮುದಾಯದ ನಿಯಮವನ್ನೇ ಬದಲಿಸಿದ ಉದಾಹರಣೆ ಇತಿಹಾಸದಲ್ಲಿ ಇದೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದರ ವಿವರಗಳು ನಿಮ್ಮ ಪರಿಸ್ಥಿತಿಗೆ ಬಹಳ ಹತ್ತಿರ ಇವೆ.

ಜಾನ್ ವುಲ್ಮನ್ ಹುಟ್ಟಿದ್ದು 1720ರಲ್ಲಿ, ಅಮೆರಿಕದ ನ್ಯೂ ಜೆರ್ಸಿಯಲ್ಲಿ. ಆಗ ಅದು ಬ್ರಿಟಿಷರ ವಸಾಹತು. ಅವನ ಮನೆಯವರು ಕ್ರೈಸ್ತರ ಕ್ವೇಕರ್ ಪಂಥದವರು. ಈ ಪಂಥದ ಹಳೆಯ ಪದ್ಧತಿಯ ಪ್ರಾರ್ಥನೆಯಲ್ಲಿ ಪುರೋಹಿತರಿಲ್ಲ, ಮಂತ್ರವಿಲ್ಲ. ಎಲ್ಲರೂ ಒಂದೆಡೆ ಸೇರಿ ಮೌನವಾಗಿ ಕೂರುತ್ತಾರೆ, ಒಳಗಿನಿಂದ ಮಾತು ಹುಟ್ಟಿದವರು ಎದ್ದು ಹೇಳುತ್ತಾರೆ. ವುಲ್ಮನ್ ಯೌವನದಲ್ಲಿ ಒಂದು ಅಂಗಡಿಯಲ್ಲಿ ವರ್ಷದ ಲೆಕ್ಕಕ್ಕೆ ಕೆಲಸಕ್ಕಿದ್ದ. ಅಕ್ಷರ ಚೆನ್ನಾಗಿದ್ದುದರಿಂದ ಕರಾರುಪತ್ರ, ಉಯಿಲು ಬರೆದುಕೊಡುವ ಕೆಲಸವೂ ಅವನ ಪಾಲಿಗೆ ಬರುತ್ತಿತ್ತು. ಒಂದು ದಿನ ಮಾಲೀಕ ತನ್ನಲ್ಲಿದ್ದ ಒಬ್ಬ ಕಪ್ಪು ಗುಲಾಮ ಹೆಂಗಸನ್ನು ಮಾರಿದ. ಕೊಳ್ಳುವವನು ಎದುರಿಗೆ ಕಾಯುತ್ತಿದ್ದ. ವಯಸ್ಸಾದವನು, ತಮ್ಮದೇ ಪಂಥದವನು. ಕ್ರಯಪತ್ರ ಬರೆ ಎಂದರು. ವುಲ್ಮನ್‌ಗೆ ಒಳಗೆ ಸಂಕಟವಾಯಿತು. ಆದರೂ ಬರೆದ. ಹೇಳುತ್ತಿರುವವನು ಯಜಮಾನ, ಕೊಳ್ಳುತ್ತಿರುವವನು ಹಿರಿಯ, ತಾನು ಸಂಬಳದವನು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಬರೆಯುವಾಗ ಮಾತ್ರ ಅವರಿಬ್ಬರ ಮುಂದೆಯೇ, ಮನುಷ್ಯರನ್ನು ಗುಲಾಮರಾಗಿ ಇಟ್ಟುಕೊಳ್ಳುವುದು ನಮ್ಮ ಧರ್ಮಕ್ಕೆ ಹೊಂದುವುದಿಲ್ಲ ಎಂದು ಹೇಳಿದ.

ಅಷ್ಟು ಹೇಳಿದ್ದರಿಂದ ಸ್ವಲ್ಪ ಹಗುರವಾಯಿತು, ಪೂರ್ತಿ ಆಗಲಿಲ್ಲ. ಆ ದಿನದ ಬಗ್ಗೆ ಯೋಚಿಸಿದಷ್ಟೂ, ಈ ಕೆಲಸದಿಂದ ನನ್ನನ್ನು ಬಿಟ್ಟುಬಿಡಿ ಎಂದು ಕೇಳಬೇಕಾಗಿತ್ತು ಎಂದು ಅನ್ನಿಸಿತು. ಮುಂದೆ ಇನ್ನೊಬ್ಬ ಯುವಕ ಅಂಥದೇ ಪತ್ರ ಬರೆಸಲು ಬಂದಾಗ ಆಗುವುದಿಲ್ಲ ಎಂದ. ಆಮೇಲೊಮ್ಮೆ, ಪೆಟ್ಟುಬಿದ್ದು ಮಲಗಿದ್ದ ನೆರೆಯವನೊಬ್ಬ ಉಯಿಲು ಬರೆಯಲು ಕರೆಸಿದ. ಆಸ್ತಿಯ ಜೊತೆಗೆ ಒಬ್ಬ ಗುಲಾಮ ಹುಡುಗಿಯನ್ನು ತನ್ನ ಮಕ್ಕಳಲ್ಲಿ ಯಾರಿಗೆ ಕೊಡಬೇಕೆಂದೂ ಹೇಳಿದ. ವುಲ್ಮನ್ ಉಳಿದದ್ದೆಲ್ಲವನ್ನೂ ಬರೆದು, ಆ ಹುಡುಗಿಯ ವಿಷಯವನ್ನು ಮಾತ್ರ ಬಿಟ್ಟು, ಕಾಗದವನ್ನು ಹಾಸಿಗೆಯ ಬಳಿ ತಂದ. ಇದನ್ನು ಬರೆಯಲು ನನ್ನ ಮನಸ್ಸು ಒಪ್ಪುತ್ತಿಲ್ಲ, ಇಷ್ಟು ಬರೆದದ್ದಕ್ಕೆ ಹಣ ಬೇಡ, ಉಳಿದದ್ದರಿಂದ ನನ್ನನ್ನು ಬಿಟ್ಟುಬಿಡಿ ಎಂದ. ಇಬ್ಬರೂ ಕೂತು ಮಾತನಾಡಿದರು. ಕೊನೆಗೆ ಆ ನೆರೆಯವನು ಹುಡುಗಿಯನ್ನು ಬಿಡುಗಡೆ ಮಾಡಲು ಒಪ್ಪಿದ. ವುಲ್ಮನ್ ಉಯಿಲನ್ನು ಪೂರ್ಣಗೊಳಿಸಿದ.

ಇಲ್ಲಿ ಗಮನಿಸಬೇಕಾದದ್ದು, ಅವನು ಗುಲಾಮಗಿರಿ ಎಂಬ ದೊಡ್ಡ ವಿಷಯದಿಂದ ಹೊರಡಲಿಲ್ಲ. ತನ್ನ ಕೈ ಬರೆದ ಒಂದು ಕ್ರಯಪತ್ರದಿಂದ ಹೊರಟ. ಈ ಅನ್ಯಾಯದಲ್ಲಿ ನನ್ನ ಕೈ ಎಲ್ಲಿದೆ, ಇದರಿಂದ ನನಗೆ ಸಿಗುತ್ತಿರುವುದೇನು ಎಂದು ಕೇಳಿಕೊಂಡ. ಅಂತರಂಗದ ಶೋಧನೆ ನಾಗರಿಕ ಜೀವನಕ್ಕೆ ಉಪಯೋಗಕ್ಕೆ ಬರುವುದು ಈ ಪ್ರಶ್ನೆಯಿಂದಲೇ ಎಂದು ನಾನು ನಂಬಿದ್ದೇನೆ. ಸಾರ್ವಜನಿಕ ವಿಷಯಗಳ ಬಗ್ಗೆ ನಮ್ಮೆಲ್ಲರಿಗೂ ಅಭಿಪ್ರಾಯಗಳಿವೆ. ಆ ಅಭಿಪ್ರಾಯದ ಅಡಿಯಲ್ಲಿ ನಮ್ಮ ಜಾತಿ, ನಮ್ಮ ನೆಂಟಸ್ತನ, ನಮ್ಮ ಜಮೀನಿನ ಬದು, ನಮ್ಮ ಹೆದರಿಕೆ ಎಷ್ಟು ಸೇರಿವೆ ಎಂಬುದು ಗದ್ದಲದ ನಡುವೆ ಕಾಣುವುದಿಲ್ಲ. ಅದನ್ನು ಬೇರೆಯವರು ತೋರಿಸಿದರೆ ಜಗಳವಾಗುತ್ತದೆ. ನಾವೇ ಕಂಡುಕೊಂಡರೆ ಬದಲಾಗುವುದಕ್ಕೆ ಒಂದು ದಾರಿ ಇರುತ್ತದೆ.

ವುಲ್ಮನ್ ಮುಂದೆ ಊರೂರು ತಿರುಗಿದ. ದಕ್ಷಿಣದ ವಸಾಹತುಗಳಲ್ಲಿ ಗುಲಾಮರನ್ನು ಇಟ್ಟುಕೊಂಡ ಮನೆಗಳಲ್ಲಿ ಉಳಿಯಬೇಕಾಗಿ ಬಂದಾಗ, ತನಗೆ ಉಪಚಾರ ಮಾಡಿದ ಆ ಗುಲಾಮರಿಗೆ ಸಲ್ಲಬೇಕೆಂದು ಹಣ ಕೊಟ್ಟು ಬರುತ್ತಿದ್ದ. ಅತಿಥಿಯೊಬ್ಬ ಆಳಿಗೆ ಕೂಲಿ ಕೊಡುವುದೆಂದರೆ ಮನೆಯ ಯಜಮಾನನಿಗೆ ಎಷ್ಟು ಮುಜುಗರ ಆಗಿರಬೇಕು ಎಂಬುದನ್ನು ನೀವು ಊಹಿಸಬಲ್ಲಿರಿ. ಅಂಗಡಿ ವ್ಯಾಪಾರ ಕೈಮೀರಿ ಬೆಳೆದು ಮನಸ್ಸನ್ನೆಲ್ಲ ಎಳೆದುಕೊಳ್ಳುತ್ತಿದೆ ಎನ್ನಿಸಿದಾಗ ಅದನ್ನೂ ಕಡಿಮೆ ಮಾಡಿದ.

1758ರಲ್ಲಿ ಫಿಲಡೆಲ್ಫಿಯಾದ ಕ್ವೇಕರ್ ವಾರ್ಷಿಕ ಸಭೆಯ ಮುಂದೆ ಈ ವಿಷಯ ಬಂತು. ಹಲವರು ಗುಲಾಮರ ಒಡೆಯರು. ಇನ್ನೂ ಕಾಯೋಣ ಎಂದವರೂ ಇದ್ದರು. ಬಹಳ ಹೊತ್ತು ಸುಮ್ಮನಿದ್ದ ವುಲ್ಮನ್ ಎದ್ದು ಮಾತನಾಡಿದ. ಗುಲಾಮರನ್ನು ಕೊಳ್ಳುವ, ಮಾರುವ ಸದಸ್ಯರನ್ನು ಪಂಥದ ಆಡಳಿತ ಸಭೆಗಳಿಂದ ಹೊರಗಿಡಬೇಕು, ಗುಲಾಮರನ್ನು ಇಟ್ಟುಕೊಂಡವರ ಮನೆಗೆ ಹೋಗಿ ಮಾತನಾಡಲು ಒಂದು ಸಮಿತಿ ಮಾಡಬೇಕು ಎಂದು ಸಭೆ ತೀರ್ಮಾನಿಸಿತು. ಆ ಸಮಿತಿಯಲ್ಲಿ ವುಲ್ಮನ್ ಕೂಡ ಇದ್ದ. 1776ರಲ್ಲಿ ಅದೇ ವಾರ್ಷಿಕ ಸಭೆ, ಗುಲಾಮರನ್ನು ಇಟ್ಟುಕೊಂಡವರು ನಮ್ಮ ಪಂಥದಲ್ಲಿ ಇರುವಂತೆಯೇ ಇಲ್ಲ ಎಂದಿತು. ಅದನ್ನು ನೋಡಲು ವುಲ್ಮನ್ ಇರಲಿಲ್ಲ. 1772ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಸಿಡುಬಿನಿಂದ ತೀರಿಕೊಂಡಿದ್ದ. 1787ರಲ್ಲಿ ಲಂಡನ್ನಿನಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸಲು ಹುಟ್ಟಿದ ಸಮಿತಿಯ ಹನ್ನೆರಡು ಸ್ಥಾಪಕರಲ್ಲಿ ಒಂಬತ್ತು ಮಂದಿ ಕ್ವೇಕರರು.

ಈ ಕತೆಯನ್ನು ಇಲ್ಲಿಗೇ ನಿಲ್ಲಿಸಿದರೆ ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಅದೇ ಪಂಥದ ಕೆಲವರು ಜರ್ಮನ್‌ಟೌನ್ ಎಂಬ ಊರಿನಿಂದ ಗುಲಾಮಗಿರಿಯ ವಿರುದ್ಧ ಲಿಖಿತ ಮನವಿ ಕೊಟ್ಟದ್ದು 1688ರಲ್ಲಿ. ಅಲ್ಲಿಂದ 1776ಕ್ಕೆ 88 ವರ್ಷ. ಅಷ್ಟೂ ಕಾಲ ಆ ಜನ ಪ್ರತಿ ವಾರ ಮೌನವಾಗಿ ಕೂರುತ್ತಲೇ ಇದ್ದರು, ಅವರಲ್ಲಿ ಹಲವರ ಹೊಲದಲ್ಲಿ ಗುಲಾಮರು ದುಡಿಯುತ್ತಲೇ ಇದ್ದರು. ಬರೀ ಮೌನದಿಂದ ಏನೂ ಆಗುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ನಡುವೆ ಬೆಂಜಮಿನ್ ಲೇ ಎಂಬ ಕುಳ್ಳಗಿನ, ಗೂನುಬೆನ್ನಿನ ಮನುಷ್ಯ ಸಭೆ ಸಭೆಗೆ ಹೋಗಿ ಕೂಗಾಡುತ್ತಿದ್ದ. 1738ರಲ್ಲಿ ಕೆಂಪು ಹಣ್ಣಿನ ರಸ ತುಂಬಿದ ಚೀಲವನ್ನು ಪುಸ್ತಕದೊಳಗೆ ಅಡಗಿಸಿ ತಂದು, ಸಭೆಯ ನಡುವೆ ಕತ್ತಿಯಿಂದ ಚುಚ್ಚಿ, ಮನುಷ್ಯರನ್ನು ಗುಲಾಮರಾಗಿಸುವವರ ರಕ್ತವನ್ನು ದೇವರು ಹೀಗೆಯೇ ಹರಿಸುತ್ತಾನೆ ಎಂದ. ಅವನನ್ನು ಪಂಥದಿಂದಲೇ ಹೊರಹಾಕಿದರು. ಆದರೂ ಲೇ ಕೂಗದಿದ್ದರೆ ವುಲ್ಮನ್ನನ ಮೆಲುದನಿಯನ್ನು ಕೇಳಿಸಿಕೊಳ್ಳುವ ಕಿವಿಗಳು ತಯಾರಾಗಿರುತ್ತಿದ್ದವೇ ಎಂಬ ಅನುಮಾನ ನನಗಿದೆ. ಆದ್ದರಿಂದ ನಿಮ್ಮ ಮನೆಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಪಂಚಾಯಿತಿಗೆ ಗಟ್ಟಿ ಗಂಟಲೂ ಬೇಕು. ಯಾವುದಕ್ಕಾಗಿ ಗಂಟಲು ಎತ್ತಬೇಕು ಎಂದು ತಿಳಿಯುವ ಜಾಗ ಮಾತ್ರ ಬೇರೆ.

ಇನ್ನು ಸಭೆಯ ವಿಷಯ. ಒಬ್ಬರ ಒಳಗೆ ಹುಟ್ಟಿದ ವಿವೇಕ ಎಲ್ಲರ ತೀರ್ಮಾನವಾಗಬೇಕಾದರೆ ಅದಕ್ಕೆ ದಾರಿ ಬೇಕು. ಕ್ವೇಕರರ ಆಡಳಿತ ಸಭೆಯಲ್ಲಿ ಇಂದಿಗೂ ಮತಕ್ಕೆ ಹಾಕುವುದಿಲ್ಲ. ಒಬ್ಬರು ಮಾತನಾಡಿದ ಮೇಲೆ ಇನ್ನೊಬ್ಬರು ತಕ್ಷಣ ಏಳುವುದಿಲ್ಲ, ನಡುವೆ ಒಂದಿಷ್ಟು ಹೊತ್ತು ಬಿಡುತ್ತಾರೆ. ಸಭೆ ನಡೆಸುವವರು ಎಲ್ಲರ ಮಾತನ್ನು ಕೇಳಿ, ಸಭೆಯ ಒಟ್ಟು ಅಭಿಪ್ರಾಯ ಇದು ಎಂದು ಅಲ್ಲಿಯೇ ಬರೆದು, ಎಲ್ಲರ ಮುಂದೆ ಓದಿ, ಆಕ್ಷೇಪ ಬಂದರೆ ತಿದ್ದಿ, ಒಪ್ಪಿಗೆ ಪಡೆಯುತ್ತಾರೆ. ನಮ್ಮ ಕಡೆ ಎಷ್ಟೋ ಗ್ರಾಮಸಭೆಗಳಲ್ಲಿ ಆಗುವುದು ಇದರ ತಲೆಕೆಳಗು. ಬಂದವರ ಸಹಿ, ಹೆಬ್ಬೆಟ್ಟು ಮೊದಲೇ ನಡಾವಳಿ ಪುಸ್ತಕಕ್ಕೆ ಬೀಳುತ್ತದೆ, ಠರಾವು ಆಮೇಲೆ ಕಚೇರಿಯಲ್ಲಿ ಬರೆಯಲ್ಪಡುತ್ತದೆ. ಹಾಗೆ ನಡೆಯುವ ಸಭೆಗೆ ಯಾರು ಎಷ್ಟು ಶುದ್ಧ ಮನಸ್ಸು ಹೊತ್ತು ಬಂದರೂ ಅದು ಸೇರಬೇಕಾದಲ್ಲಿ ಸೇರುವುದಿಲ್ಲ. ಎಲ್ಲರನ್ನೂ ಒಪ್ಪಿಸಿ ತೀರ್ಮಾನಿಸುವ ಪದ್ಧತಿ ನಮ್ಮ ಊರುಗಳಲ್ಲಿ ನಡೆಯದು ಎಂದು ನನಗೆ ಗೊತ್ತು. ನಮ್ಮಲ್ಲಿ 'ಎಲ್ಲರೂ ಒಪ್ಪಿದರು' ಎಂದರೆ ಬಹುಪಾಲು ಗಟ್ಟಿ ಕುಳಗಳು ಒಪ್ಪಿದರು ಎಂದರ್ಥ. ಆದರೆ ಅಲ್ಲಿಯೇ ಬರೆದು ಅಲ್ಲಿಯೇ ಓದುವುದನ್ನು ಯಾರು ತಡೆದಿದ್ದಾರೆ?

ನಮ್ಮ ದೇಶದ ಕಾನೂನಿನಲ್ಲೂ ಮನಸ್ಸಿನೊಳಗಿನ ಈ ಜಾಗಕ್ಕೆ ಮರ್ಯಾದೆ ಇದೆ. ನಾವು ಅದನ್ನು ಗಮನಿಸುವುದಿಲ್ಲ ಅಷ್ಟೆ. ಇಂಗ್ಲೆಂಡಿನಲ್ಲಿ 1872ರವರೆಗೆ ಮತದಾರ ಎಲ್ಲರ ಎದುರಿಗೆ ಬಾಯಿಬಿಟ್ಟು ಯಾರಿಗೆ ಮತ ಎಂದು ಹೇಳಬೇಕಾಗಿತ್ತು. ಜಮೀನ್ದಾರ ಕೇಳಿಸಿಕೊಳ್ಳುತ್ತಿದ್ದ. ಗುಪ್ತ ಮತದಾನ ಬಂದ ಮೇಲೆ ಒಕ್ಕಲಿನವನಿಗೆ ತನ್ನ ಮನಸ್ಸಿನ ಜೊತೆ ಒಬ್ಬನೇ ನಿಲ್ಲಲು ಒಂದು ಮೂಲೆ ಸಿಕ್ಕಿತು. ನಮ್ಮಲ್ಲಿ ಮತದಾನದ ಗುಟ್ಟನ್ನು 1951ರ ಪ್ರಜಾಪ್ರತಿನಿಧಿ ಕಾಯ್ದೆ ಕಾಪಾಡುತ್ತದೆ. ಅದೇ ಕಾಯ್ದೆಯ 126ನೇ ಕಲಮಿನ ಪ್ರಕಾರ ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ ಬಹಿರಂಗ ಪ್ರಚಾರ ನಿಲ್ಲಬೇಕು. ಮೈಕು ಇಳಿಸಿ, ಜನ ಯೋಚಿಸಲಿ ಎಂದು ಕಾನೂನೇ ಬಿಡುವು ಕೊಟ್ಟಿದೆ.

ಆ ಬಿಡುವಿನಲ್ಲಿ ನಾವು ಮಾಡುವುದೇನು? 'ಕತ್ತಲ ರಾತ್ರಿ' ಎಂಬ ಹೆಸರು ನಿಮಗೆ ಗೊತ್ತೇ ಇದೆ. ಹಣ, ಸೀರೆ, ಕೋಳಿ ಮನೆಮನೆಗೆ ಬರುವ ಹೊತ್ತು. ಇದರಲ್ಲಿ ನನ್ನನ್ನು ಹೆಚ್ಚು ಕಾಡುವುದು ದೇವರ ಪಟ ಮುಟ್ಟಿಸಿ ಆಣೆ ಹಾಕಿಸುವ ಪದ್ಧತಿ. ನೋಟು ಕೊಟ್ಟವನಿಗೆ ಮತಗಟ್ಟೆಯ ಮರೆಯೊಳಗೆ ಬರಲು ಆಗುವುದಿಲ್ಲ. ಅದಕ್ಕೇ ಆಣೆಯನ್ನು ಒಳಗೆ ಕಳಿಸುತ್ತಾನೆ. ಬಡವರ ಮನೆಯ ಅಜ್ಜಿ ಗುಂಡಿ ಒತ್ತುವಾಗ ಮಾತಿಗೆ ತಪ್ಪಿದರೆ ಮೊಮ್ಮಕ್ಕಳಿಗೆ ಕೇಡಾದೀತು ಎಂದು ನಡುಗುತ್ತಾಳೆ. ಅವಳ ಪ್ರಾಮಾಣಿಕತೆಯನ್ನೇ ಅವಳ ವಿರುದ್ಧ ಬಳಸಿದ ಹಾಗಾಯಿತು. ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನಲ್ಲಿ, ಹೀಗೆ ಮಾಡದಿದ್ದರೆ ದೇವರ ಕೋಪಕ್ಕೆ ಗುರಿಯಾಗುತ್ತೀರಿ ಎಂದು ಮತದಾರರನ್ನು ನಂಬಿಸುವುದನ್ನೂ ಅನುಚಿತ ಪ್ರಭಾವ, ಭ್ರಷ್ಟ ಆಚರಣೆ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಭಕ್ತಿ, ಆತ್ಮಸಾಕ್ಷಿ ಇವು ತಾವಾಗಿಯೇ ಪ್ರಜಾಪ್ರಭುತ್ವದ ಪರ ನಿಲ್ಲುತ್ತವೆ ಎಂದುಕೊಳ್ಳುವ ಹಾಗಿಲ್ಲ. ಅವುಗಳನ್ನೂ ಅಡವಿಡಿಸಿಕೊಳ್ಳುವವರಿದ್ದಾರೆ. ನನ್ನ ಆತ್ಮಸಾಕ್ಷಿ ಹೇಳುತ್ತಿದೆಯೋ, ಅಥವಾ ಯಾರೋ ಅದರೊಳಗೆ ಇಟ್ಟುಹೋದ ಹೆದರಿಕೆ ಹೇಳುತ್ತಿದೆಯೋ ಎಂದು ಬೇರ್ಪಡಿಸಿ ನೋಡುವುದನ್ನು ಕಲಿಯಬೇಕಾಗುತ್ತದೆ. ಇದನ್ನು ಶಾಲೆಯಲ್ಲಿ ಕಲಿಸುವುದಿಲ್ಲ. ಪ್ರತಿದಿನ ಸ್ವಲ್ಪ ಹೊತ್ತು ಸುಮ್ಮನೆ ಕೂರುವವರಿಗೆ ಇದು ಸ್ವಲ್ಪ ಬೇಗ ಸಾಧ್ಯವಾಗಬಹುದು.

ಅಂಬೇಡ್ಕರ್ ಅವರನ್ನು ಸಂವಿಧಾನ, ಕಾನೂನು, ಹಕ್ಕು ಇಷ್ಟರಲ್ಲೇ ನೋಡುತ್ತೇವೆ. ಆದರೆ ಒಳಗಿನ ಜಗತ್ತು ರಾಜಕೀಯಕ್ಕೆ ಎಷ್ಟು ಮುಖ್ಯ ಎಂದು ಅವರಷ್ಟು ಸ್ಪಷ್ಟವಾಗಿ ಕಂಡವರು ಕಡಿಮೆ. 1936ರಲ್ಲಿ ಲಾಹೋರಿನ ಸಭೆಯೊಂದಕ್ಕಾಗಿ ಬರೆದು, ಆಹ್ವಾನಿಸಿದವರೇ ಸಭೆ ರದ್ದುಮಾಡಿದ್ದರಿಂದ ಓದಲಾಗದ ಭಾಷಣದಲ್ಲಿ, ಜಾತಿಯೆಂಬುದು ಕೆಡವಿಹಾಕಬಹುದಾದ ಇಟ್ಟಿಗೆಯ ಗೋಡೆಯೋ ಮುಳ್ಳುತಂತಿಯೋ ಅಲ್ಲ, ಅದೊಂದು ಮನಃಸ್ಥಿತಿ ಎಂದಿದ್ದರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ, ಸಾಂವಿಧಾನಿಕ ನೈತಿಕತೆ, ಅಂದರೆ ಸಂವಿಧಾನದ ಆಶಯಕ್ಕೆ ತಕ್ಕಂತೆ ನಡೆಯುವ ಗುಣ, ಮನುಷ್ಯನಿಗೆ ಸಹಜವಾಗಿ ಬರುವ ಭಾವನೆಯಲ್ಲ, ಅದನ್ನು ಬೆಳೆಸಿಕೊಳ್ಳಬೇಕು, ನಮ್ಮ ಜನ ಅದನ್ನು ಇನ್ನೂ ಕಲಿಯಬೇಕಾಗಿದೆ ಎಂದರು. ಅದನ್ನು ಬೆಳೆಸಿಕೊಳ್ಳಬೇಕಾದ ನೆಲ ನಮ್ಮ ಮನಸ್ಸು. ಅದೇ ಅಂಬೇಡ್ಕರ್ 1949ರ ನವೆಂಬರ್ 25ರಂದು ಕೊಟ್ಟ ಎಚ್ಚರಿಕೆಯೂ ಉಂಟು: ಧರ್ಮದಲ್ಲಿ ಭಕ್ತಿಯಿಂದ ಮೋಕ್ಷ ಸಿಗಬಹುದು, ರಾಜಕೀಯದಲ್ಲಿ ಭಕ್ತಿ ಅವನತಿಗೂ ಕೊನೆಗೆ ಸರ್ವಾಧಿಕಾರಕ್ಕೂ ದಾರಿ.

ಒಳದನಿಗೆ ಒಂದು ಗಡಿ ಇರಬೇಕು ಎನ್ನುವುದನ್ನೂ ಅವರ ಬದುಕೇ ತೋರಿಸುತ್ತದೆ. 1932ರ ಸೆಪ್ಟೆಂಬರಿನಲ್ಲಿ ಗಾಂಧೀಜಿ, ಅಸ್ಪೃಶ್ಯರೆಂದು ದೂರವಿಟ್ಟ ಸಮುದಾಯಗಳಿಗೆ ಪ್ರತ್ಯೇಕ ಮತಕ್ಷೇತ್ರ (ಆ ಸಮುದಾಯದವರಷ್ಟೇ ಮತ ಹಾಕಿ ತಮ್ಮ ಪ್ರತಿನಿಧಿಯನ್ನು ಆರಿಸುವ ಕ್ಷೇತ್ರ) ಬೇಡವೆಂದು ಯರವಾಡ ಜೈಲಿನಲ್ಲಿ ಆಮರಣ ಉಪವಾಸ ಕೂತರು. ಅವರ ಪಾಲಿಗೆ ಅದು ಆತ್ಮಸಾಕ್ಷಿಯ ಕರೆ, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ತಮ್ಮ ಜನರ ಹಕ್ಕಿಗಾಗಿ ವರ್ಷಗಟ್ಟಲೆ ವಾದಿಸಿದ ಅಂಬೇಡ್ಕರ್ ಅವರ ಮೇಲೆ ಆ ಒಬ್ಬರ ಪ್ರಾಣದ ಭಾರ ಬಿತ್ತು. ಸೆಪ್ಟೆಂಬರ್ 24ರಂದು, ಪ್ರತ್ಯೇಕ ಮತಕ್ಷೇತ್ರವನ್ನು ಬಿಟ್ಟುಕೊಡುವ ಪುಣೆ ಒಪ್ಪಂದಕ್ಕೆ ಸಹಿಯಾಯಿತು. ಗಾಂಧೀಜಿಯನ್ನು ಬಹಳ ಗೌರವಿಸುವ ನನಗೂ ಆ ದಿನಗಳ ಬಗ್ಗೆ ಓದುವಾಗ ಕಸಿವಿಸಿಯಾಗುತ್ತದೆ. ನನ್ನ ಮನಸ್ಸು ಹೇಳಿತು ಎಂಬುದು ನಾನು ಏನು ಮಾಡಬೇಕು, ಏನು ಬಿಡಬೇಕು ಎನ್ನುವುದಕ್ಕೆ ಆಧಾರವಾಗಬಹುದು. ಬೇರೆಯವರು ಏನನ್ನು ಬಿಟ್ಟುಕೊಡಬೇಕು ಎನ್ನುವುದಕ್ಕೆ ಆಗದು. ಅಲ್ಲಿ ಎಲ್ಲರೂ ಪರಿಶೀಲಿಸಬಹುದಾದ ಕಾರಣ ಕೊಡಬೇಕು, ಮಾತು ಕೇಳಬೇಕು, ಸೋಲಲೂ ಸಿದ್ಧರಿರಬೇಕು.

ಇದನ್ನೆಲ್ಲ ಇಟ್ಟುಕೊಂಡು ನಿಮ್ಮ ಪಟ್ಟಿಗೆ ಬರೋಣ.

ವಾರ್ಡ್ ಸಭೆಯ ಪಟ್ಟಿ ಗ್ರಾಮಸಭೆಯ ಮುಂದೆ ಬರಬೇಕು, ಆದ್ದರಿಂದ ಕಾಲ ಮೀರಿಲ್ಲ. ಮೊದಲು ಮೈದುನನ ಹತ್ತಿರ ಮಾತನಾಡಿ, ಬೇರೆ ಯಾರ ಮುಂದೆಯೂ ಅಲ್ಲ, ಅವರೊಬ್ಬರೇ ಇರುವಾಗ. ಅವರನ್ನು ಅಪರಾಧಿ ಮಾಡಬೇಡಿ. ಅವರ ಹೆಸರು ಬಂದಾಗ ಸುಮ್ಮನಿದ್ದವರು ನೀವು, ಅದನ್ನೇ ಮೊದಲ ಮಾತಾಗಿ ಹೇಳಿ. ಅವರಿಗೂ ಮನೆಯ ಅಗತ್ಯ ನಿಜವಾಗಿ ಇರಬಹುದು. ಹಾಗಿದ್ದರೆ ಅದನ್ನೂ ಸಭೆಯಲ್ಲಿ ಅವರೇ ಹೇಳಲಿ. ಅವರು ಸಿಟ್ಟಾದರೆ ಒಂದೆರಡು ಹಬ್ಬ ಮನೆಯಲ್ಲಿ ಕಷ್ಟವಾದೀತು. ಅಷ್ಟಕ್ಕೆ ನೀವು ತಯಾರಿರಬೇಕು.

ಆ ಹೆಣ್ಣುಮಗಳ ಮನೆಗೂ ಹೋಗಿ ಬನ್ನಿ. ಉಪಕಾರ ಮಾಡಲು ಬಂದವರ ಹಾಗೆ ಹೋಗಬೇಡಿ. ಈ ವಿಷಯ ಸಭೆಯಲ್ಲಿ ಎತ್ತುವುದು ಆಕೆಗೆ ಇಷ್ಟವೇ ಎಂದು ಕೇಳಿ, ಏಕೆಂದರೆ ನಿಮ್ಮ ಮನಸ್ಸು ಹಗುರವಾಗಲು ಆಕೆಯ ಬಡತನವನ್ನು ಊರ ಮುಂದೆ ಹರಡುವ ಹಕ್ಕು ನಿಮಗಿಲ್ಲ. ಹೆಸರು ಬಿಟ್ಟುಹೋದ ಕಾರಣವನ್ನೂ ತಿಳಿದುಕೊಳ್ಳಿ. ನಿವೇಶನದ ದಾಖಲೆ ಇಲ್ಲ, ಪಡಿತರ ಚೀಟಿ ಇನ್ನೂ ಅತ್ತೆಯ ಹೆಸರಿನಲ್ಲಿದೆ ಎಂಬಂಥ ಕಾರಣಕ್ಕೂ ಹೆಸರು ಬಿಟ್ಟುಹೋಗುವುದುಂಟು. ಹಾಗಿದ್ದರೆ ಮೊದಲು ಆಗಬೇಕಾದದ್ದು ಆ ಕಾಗದದ ಕೆಲಸ.

ಗ್ರಾಮಸಭೆಯಲ್ಲಿ ಹೆಸರುಗಳನ್ನು ಓದುವ ಮುಂಚೆ ಆಯ್ಕೆಯ ಮಾನದಂಡಗಳನ್ನು ಗಟ್ಟಿಯಾಗಿ ಓದಿಸಿ. ಹೆಸರು ಮೊದಲು ಬಂದರೆ ಎಲ್ಲರೂ ಅವರವರ ಕಡೆಯವರನ್ನು ಹಿಡಿದುಕೊಂಡು ಕೂರುತ್ತಾರೆ. ಮಾನದಂಡ ಮೊದಲು ಬಂದರೆ ಒಂದು ನಿಮಿಷವಾದರೂ ಎಲ್ಲರೂ ಒಂದೇ ಕಡೆಯಿಂದ ನೋಡುತ್ತಾರೆ. ನಿಮ್ಮ ಸರದಿ ಬಂದಾಗ, ಪಟ್ಟಿಯಲ್ಲಿರುವ ಇಂಥವರು ನನ್ನ ಮೈದುನ, ಈ ಒಂದು ಹೆಸರಿನ ತೀರ್ಮಾನದಲ್ಲಿ ನಾನು ಭಾಗವಹಿಸುವುದಿಲ್ಲ, ವಾರ್ಡ್ ಸಭೆಯಲ್ಲಿ ಇದನ್ನು ಹೇಳದೆ ಇದ್ದದ್ದು ನನ್ನ ತಪ್ಪು ಎಂದು ಹೇಳಿ ಕೂತುಬಿಡಿ. ಉದ್ದ ಮಾತು ಬೇಡ. ಆಮೇಲೆ ಬೇರೆಯವರೂ ತಮ್ಮ ತಮ್ಮ ಸಂಬಂಧ ಹೇಳಿಯೇಬಿಡುತ್ತಾರೆ ಎಂದು ನಿರೀಕ್ಷಿಸಬೇಡಿ.

ಸಭೆ ನಿಮ್ಮ ಮಾತನ್ನು ಒಪ್ಪದೇ ಹೋಗಬಹುದು. ಅದಕ್ಕಾಗಿ, ಆ ಹೆಣ್ಣುಮಗಳು ಒಪ್ಪಿದರೆ, ಪಟ್ಟಿಯನ್ನು ಮರುಪರಿಶೀಲಿಸಬೇಕೆಂಬ ಮನವಿಯನ್ನು ಸಭೆಗೆ ಮೊದಲೇ ಬರೆದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಕೊಟ್ಟು, ಒಂದು ಪ್ರತಿಯ ಮೇಲೆ ದಿನಾಂಕ ಹಾಕಿಸಿ ಸ್ವೀಕೃತಿ ಪಡೆದುಕೊಳ್ಳಿ. ನಿಮ್ಮ ಭಿನ್ನಾಭಿಪ್ರಾಯವನ್ನು ನಡಾವಳಿಯಲ್ಲಿ ದಾಖಲಿಸಬೇಕೆಂದು ಸಭೆಯಲ್ಲಿಯೇ ಕೇಳಿ, ಬರೆದದ್ದನ್ನು ಓದಿಸಿಕೊಳ್ಳಿ, ಆಮೇಲೆ ಸಹಿ ಹಾಕಿ. ಮುಂದಿನ ವಾರ್ಡ್ ಸಭೆ ಆರು ತಿಂಗಳೊಳಗೆ ನಡೆಯಲೇಬೇಕು, ವಾರ್ಡಿನ ಸದಸ್ಯರಾಗಿ ಅದನ್ನು ನಡೆಸುವುದರಲ್ಲಿ ನಿಮ್ಮ ಹೊಣೆಯೂ ಇದೆ. ಒಬ್ಬರು ಮಾತು ಮುಗಿಸಿದ ಮೇಲೆ ಸ್ವಲ್ಪ ತಡೆದು ಇನ್ನೊಬ್ಬರನ್ನು ಕರೆಯುವುದು, ಹಿಂದೆ ಗೋಡೆಗೆ ಒರಗಿ ಕೂತ ಹೆಂಗಸರನ್ನು ಹೆಸರು ಹಿಡಿದು ಕೇಳುವುದು, ತೀರ್ಮಾನವನ್ನು ಎಲ್ಲರ ಎದುರಿಗೇ ಬರೆಸುವುದು, ಇಷ್ಟಕ್ಕೆ ಯಾರ ಅನುಮತಿಯೂ ನಿಮಗೆ ಬೇಕಿಲ್ಲ.